ನಾಲ್ಕನೇ ಪೆಟ್ಟಿಗೆಯ ಕವರ್

"ಏಳನೇ ಕ್ಲಾಸು ದಾಟದವನನ್ನ ಒಳಗೆ ಬಿಟ್ರೆ ಇನ್ನೇನಾಗುತ್ತೆ? ಮೊದಲು ಇವನ ಜೇಬು ನೋಡಿ."

ಅಧ್ಯಕ್ಷರ ಮಾತಿಗೆ ಮೇಜಿನ ಸುತ್ತಲಿನ ತಲೆಗಳೆಲ್ಲ ಬೀಗದವನ ಕಡೆ ತಿರುಗಿದವು. ಮೇಜಿನ ಮೇಲೆ ಕತ್ತರಿಸಿದ ಪ್ಲಾಸ್ಟಿಕ್ ಕವರ್. ಒಳಗೆ ಏನೂ ಇಲ್ಲ.

ಜಗತ್ತಿನ ವೆಬ್‌ಸೈಟ್ ಹೆಸರುಗಳು ಅಸಲಿ ಎಂದು ಮುದ್ರೆ ಒತ್ತುವ ಅಂತರರಾಷ್ಟ್ರೀಯ ಮಂಡಳಿ ಅದು. ಮೂರು ತಿಂಗಳಿಗೊಮ್ಮೆ ಐದು ದೇಶಗಳ ಐವರು ಬಂದು, ತಿಜೋರಿಯಲ್ಲಿರುವ ತಮ್ಮ ಪೆಟ್ಟಿಗೆಯಿಂದ ನಂಬರ್ ಹಾಕಿದ ಕವರಿನಲ್ಲಿ ಅಂಟಿಸಿಟ್ಟ ಒಂದೊಂದು ಕಾರ್ಡ್ ತೆಗೆದುಕೊಟ್ಟರೆ ಮಾತ್ರ ಮುದ್ರೆ ಬೀಳುತ್ತದೆ. ಇಂದು ನಾಲ್ಕನೆಯ ಕಾರ್ಡ್ ಮಾಯ. ನಿನ್ನೆ ತಿಜೋರಿಯ ಬೀಗ ರಿಪೇರಿ ಮಾಡಿದವನೆಂದು ಇವನನ್ನು ಕರೆಸಿದ್ದರು.

ಜೇಬಿನಲ್ಲಿ ಸಿಕ್ಕಿದ್ದು ಬಸ್ ಟಿಕೆಟ್ ಒಂದೇ.

"ಪೊಲೀಸರಿಗೆ ಫೋನ್ ಮಾಡಿ," ಎಂದರು ಅಧ್ಯಕ್ಷರು.

ಬೀಗದವನ ಕಿವಿ ಬಿಸಿಯಾಯಿತು. ಕಳ್ಳ ಅನ್ನಿಸಿಕೊಂಡ ಬೀಗದವನನ್ನು ಯಾರೂ ಹೊಸ್ತಿಲು ದಾಟಿಸುವುದಿಲ್ಲ. ಅವನು ಕಲಿತದ್ದು ಇದೊಂದೇ ಕೆಲಸ.

"ಮಾಡ್ಲಿ. ಅಲ್ಲೀವರೆಗೆ ಯಾರೂ ಏಳ್ಬೇಡಿ," ಎಂದ.

*

ಅವನ ಮೊದಲ ಅನುಮಾನ ನಾಲ್ಕನೇ ಪೆಟ್ಟಿಗೆಯ ಹೆಂಗಸಿನ ಮೇಲೆ. ನರೆತ ತಲೆಯವಳು; ಪೆಟ್ಟಿಗೆ ತೆರೆದದ್ದು ಅವಳೇ.

"ಅಕ್ಕಾ, ತೆಗೆದಾಗ ಕಾರ್ಡ್ ಇತ್ತಾ?"

"ಕವರಲ್ಲಿ ಗಟ್ಟಿಯಾಗಿ ಕೈಗೆ ಸಿಕ್ತಪ್ಪಾ. ಕ್ಯಾಮೆರಾಗೂ ತೋರಿಸ್ದೆ. ಆಮೇಲೆ ಅಧ್ಯಕ್ಷರಿಗೆ ಕೊಟ್ಟೆ. ಅವರು ಕವರಿನ ಮೇಲಿನ ನಂಬರ್ ಓದಿದ್ರು, ಎಲ್ರೂ ತಮ್ಮ ಪಟ್ಟಿಯಲ್ಲಿ ಟಿಕ್ ಹಾಕಿದ್ರು."

"ಕವರ್ ನೋಡಿ ಹಾಕಿದ್ರಾ, ಪಟ್ಟಿ ನೋಡಿನಾ?"

"ಪಟ್ಟಿ ನೋಡಿ." ಅಲ್ಲಿನ ಪದ್ಧತಿಯೇ ಹಾಗೆ: ಒಬ್ಬರು ಓದುತ್ತಾರೆ, ಉಳಿದವರ ಕಣ್ಣು ಕಾಗದದ ಮೇಲೆ.

ಮಂಡಳಿಯ ಕಾರ್ಯದರ್ಶಿ ಖಾಲಿ ಕವರ್ ಎತ್ತಿ ನೋಡಿದಳು. ಪಟ್ಟಿಯಲ್ಲಿ ೩೦೮. ಕವರಿನ ಮೇಲೆ ೬೧೨.

"ಈ ಆರುನೂರರ ನಂಬರಿನ ಕವರ್ ಕಟ್ಟು ಯಾವಾಗ ಒಡೆದ್ರಿ, ಮೇಡಂ?" ಬೀಗದವನು ಕೇಳಿದ.

"ಇವತ್ತು ಬೆಳಿಗ್ಗೆ, ಕಾರ್ಡ್‌ಗಳನ್ನ ವಾಪಸ್ ಹಾಕಿಡೋಕೆ ಅಂತ. ಇಲ್ಲೇ, ಎಲ್ಲರ ಮುಂದೆ."

"ನಾನು ತಿಜೋರಿ ಮುಟ್ಟಿದ್ದು ನಿನ್ನೆ. ಇವತ್ತಿನ ಕವರ್ ನನಗೆಲ್ಲಿಂದ ಬರುತ್ತೆ?"

*

ಬೀಗದವನು ಅಧ್ಯಕ್ಷರ ಕಡೆ ತಿರುಗಿದ. "ಅಕ್ಕ ಕೊಟ್ಟಾಗ ಕಾರ್ಡ್ ಇತ್ತು, ಮೇಜಿಗೆ ಬಂದಾಗ ಇಲ್ಲ. ನಡುವೆ ಇದ್ದದ್ದು ಒಬ್ಬರದೇ ಕೈ. ಹೊಸ ಕವರ್ ಒಂದನ್ನ ಎಳ್ಕೊಂಡು, ಖಾಲಿ ಅಂಟಿಸಿ, ಫೈಲಲ್ಲಿ ಇಟ್ಕೊಂಡಿದ್ರು. ಬಾಯಲ್ಲಿ ಓದಿದ್ದು ೩೦೮, ಮೇಜಿಗಿಟ್ಟಿದ್ದು ೬೧೨. ಆಮೇಲೆ ಯಾರೂ ಎದ್ದಿಲ್ಲ. ಅಸಲಿ ಇನ್ನೂ ಆ ಫೈಲಲ್ಲೇ ಇರ್ಬೇಕು."

ಅಧ್ಯಕ್ಷರು ಫೈಲಿನ ಮೇಲೆ ಮೊಣಕೈ ಊರಿದರು. ನಾಲ್ಕನೇ ಪೆಟ್ಟಿಗೆಯ ಹೆಂಗಸೇ ಅದನ್ನು ಕಸಿದುಕೊಂಡಳು. ಕಾಗದಗಳ ನಡುವಿನಿಂದ ೩೦೮ ಜಾರಿ ಬಿತ್ತು, ಕಾರ್ಡ್ ಸಮೇತ.

"ನಾಡಿದ್ದು ಮತದಾನ," ಕಾರ್ಯದರ್ಶಿಯ ದನಿ ಇಳಿದಿತ್ತು. "ತಿಜೋರಿ ಇಲ್ಲೇ ಇರ್ಬೇಕಾ, ಅಧ್ಯಕ್ಷರ ದೇಶಕ್ಕೆ ಹೋಗ್ಬೇಕಾ ಅಂತ."

"ಈ ಜಾಗ ಭದ್ರ ಇಲ್ಲ ಅಂತ ತೋರಿಸ್ಬೇಕಿತ್ತು, ಅಷ್ಟೇ," ಎಂದರು ಅಧ್ಯಕ್ಷರು. "ಕಾರ್ಡನ್ನ ವಾಪಸ್ ಇಡ್ತಿದ್ದೆ."

"ನನ್ನ ಹೆಸರನ್ನ ಯಾವಾಗ ವಾಪಸ್ ಇಡ್ತಿದ್ರಿ?"



"ತಪ್ಪು ತಿಳ್ಕೋಬೇಡಪ್ಪಾ," ಕಾರ್ಯದರ್ಶಿ ನಕ್ಕಳು. "ಮುಂದಿನ ಸಲಾನೂ ನೀನೇ ಬಾ. ಬರ್ತೀಯಲ್ಲ?"

ಇಷ್ಟು ಹೊತ್ತು ಬಾಯಿ ಬಿಡದೆ ಕೂತವರೆಲ್ಲ ಈಗ ತಲೆಯಾಡಿಸಿದರು. ಬೀಗದವನು ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದ. ಮೆಟ್ಟಿಲಿಳಿದು ಹೊರಟೇಹೋದ.