ಸಾವಿರ ಹಸುಗಳ ಎಮಿರೋ

"ಸಾವಿರ ಹಸು ಅಂತ ನಿಂಗೆ ಯಾರೇ ಹೇಳಿದ್ದು?"

ನೆಲ್ಸಿಯ ವಾಯ್ಸ್ ಮೆಸೇಜ್ ಮೂರನೇ ಸಲ ಬಂದಿತ್ತು. ಯುರಾನಿಸ್ ಫೋನನ್ನು ದಿಂಬಿನ ಕೆಳಗೆ ತುರುಕಿದಳು. ಅದು ಅಲ್ಲಿಂದಲೂ ಗುಂಯ್‌ಗುಟ್ಟಿತು.

ನೆಲ್ಸಿ ಇರುವುದು ದೂರದ ಬರಾಂಕಿಯಾ ನಗರದಲ್ಲಿ, ಯುರಾನಿಸ್ ವಯೆದುಪಾರ್‌ನಲ್ಲಿ. ಇಬ್ಬರೂ ಒಮ್ಮೆಯೂ ಭೇಟಿಯಾಗಿಲ್ಲ. ಆದರೆ ಗಾಯಕ ಹೆರ್ಮಿಲೋ ಕಾಂತಿಯೋನ ಹಳೆಯ ಹಾಡುಗಳೆಂದರೆ ಇಬ್ಬರಿಗೂ ಪ್ರಾಣ. ಅವನ ಅಭಿಮಾನಿಗಳು ಸೇರಿ ನಡೆಸುವ ವೆಬ್‌ಸೈಟೊಂದಿದೆ. ಅಲ್ಲಿ ಹಾಡಿನ ಒಂದೊಂದು ಸಾಲಿಗೂ ಅರ್ಥ ಹುಡುಕಿ ಟಿಪ್ಪಣಿ ಬರೆಯುತ್ತಾರೆ. ಒಂದು ಹಾಡಿನಲ್ಲಿ ಬರುವ ಸೇತುವೆ ಯಾವುದೆಂದು ತಿಳಿಯಲು ನೆಲ್ಸಿ, ಲಾರಿ ಓಡಿಸುವ ತನ್ನ ಮಾವನಿಂದ ನಾಲ್ಕು ಸೇತುವೆಗಳ ಫೋಟೋ ತರಿಸಿದ್ದಳು. ಅವಳು ಅಂಥವಳು.

ಅದೇ ಹಾಡಿನ ನಡುವೆ ಹೆರ್ಮಿಲೋ, ಆ ಕಡೆಯ ಎಲ್ಲ ಗಾಯಕರಂತೆ, ಬೇಕಾದವರೊಬ್ಬರ ಹೆಸರು ಕೂಗುತ್ತಾನೆ: "ಎಮಿರೋ ದಾಸಾ, ಇದು ನಿಂಗೆ ಕಣೋ!"

ಈ ಎಮಿರೋ ಯಾರು? ಸೈಟಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಗೆ ಹೆಸರು ಕೂಗಿಸಿಕೊಳ್ಳುವವರಲ್ಲಿ ಹೆಚ್ಚಿನವರು ದನಗಳ ಹಿಂಡು ಇಟ್ಟುಕೊಂಡ ಸಾಹುಕಾರರು. ಅದಕ್ಕೇ ಯುರಾನಿಸ್ ಬರೆದುಬಿಟ್ಟಿದ್ದಳು: "ಸಾವಿರ ಹಸುಗಳಿದ್ದ ದೊಡ್ಡ ಶ್ರೀಮಂತ." ಮೊದಲು ನೂರು ಎಂದೇ ಬರೆದಿದ್ದಳು. ನೂರು ಯಾಕೋ ಸಪ್ಪೆ ಅನ್ನಿಸಿತ್ತು.

ಆ ಟಿಪ್ಪಣಿಗೆ ಇನ್ನೂರು ಲೈಕ್ ಬಿದ್ದಿದ್ದವು. ಭಾನುವಾರ ವರ್ಷದ ಅತ್ಯುತ್ತಮ ಟಿಪ್ಪಣಿಯ ಆಯ್ಕೆ. ಪಟ್ಟಿಯಲ್ಲಿ ಅವಳದೇ ಎಲ್ಲಕ್ಕಿಂತ ಮೇಲಿತ್ತು.

ಯುರಾನಿಸ್ ಅಡುಗೆಮನೆಗೆ ಹೋದಳು. ಅಜ್ಜಿ ಮೆಕ್ಕೆಜೋಳದ ಅರೆಪಾ ರೊಟ್ಟಿ ತಟ್ಟುತ್ತಿದ್ದಳು.

"ಅಜ್ಜಿ, ಎಮಿರೋ ದಾಸಾ ಅಂತ ಒಬ್ಬ ಶ್ರೀಮಂತ ಇದ್ನಂತಲ್ಲ, ನಿಂಗೊತ್ತಾ?"

ಅಜ್ಜಿಯ ಕೈ ನಿಂತಿತು. "ಶ್ರೀಮಂತನಾ? ಎಮಿರೋ ಹತ್ರ ಒಂದು ಕೋಳಿನೂ ಇರ್ಲಿಲ್ವಲ್ಲೇ! ಮೂರು ಬೀದಿ ಆಚೆ, ಹಳದಿ ಬಾಗಿಲ ಮನೇಲಿದಾನೆ. ಹೋಗಿ ನೋಡ್ಕೊಂಡು ಬಾ."

ಯುರಾನಿಸ್ ಚಪ್ಪಲಿ ಮೆಟ್ಟಿದಳು. ದೂರದೂರದವರನ್ನೆಲ್ಲ ಕೇಳಿದ್ದಳು. ಮನೆಯಲ್ಲಿ ಕೇಳಿರಲಿಲ್ಲ.

ಹಳದಿ ಬಾಗಿಲ ಮುಂದೆ ತೂಗುಕುರ್ಚಿಯಲ್ಲಿ ಮುದುಕರೊಬ್ಬರು ಕೂತಿದ್ದರು. ಯುರಾನಿಸ್ ಒಂದೇ ಉಸಿರಿಗೆ ಹೇಳಿದಳು. "ಅಜ್ಜ, ಇಂಟರ್ನೆಟ್ಟಲ್ಲಿ ನಿಮ್ಗೆ ಸಾವಿರ ಹಸು ಇದೆ ಅಂತ ಬರ್ದಿದ್ದು ನಾನೇ. ಸುಮ್ನೆ ಊಹೆ ಮಾಡಿ ಬರ್ದೆ. ಅಳಿಸ್ತೀನಿ."

"ಓಹೋ, ಆ ಪುಣ್ಯಾತ್ಗಿತ್ತಿ ನೀನೇನಾ!" ಎಮಿರೋ ಅಜ್ಜ ತೊಡೆ ತಟ್ಟಿ ನಕ್ಕರು. "ನನ್ನ ಮೊಮ್ಮಗಳು ಓದಿ ಹೇಳಿದ್ಲು. ಅಳಿಸ್ಬೇಡ ಮಗಾ! ಕಟಿಂಗ್ ಶಾಪಲ್ಲಿ ಈಗ ನಂಗೆ ಎದ್ದು ಜಾಗ ಬಿಡ್ತಾರೆ."

ಯುರಾನಿಸ್ ಕೂಡ ನಕ್ಕಳು. ಅಬ್ಬಾ! ಅವರೇ ಬೇಡ ಅಂದಮೇಲೆ ಇನ್ನೇನು? ಇನ್ನೂರು ಲೈಕ್ ಉಳಿಯಿತು. ಭಾನುವಾರವೂ ಉಳಿಯಿತು. ಅವಳು ಹೊರಟಳು. ನಾಲ್ಕು ಹೆಜ್ಜೆ ಹೋಗಿ ನಿಂತಳು.

"ಮತ್ತೆ ಹೆರ್ಮಿಲೋ ನಿಮ್ಮ ಹೆಸರು ಯಾಕೆ ಕೂಗಿದ?"

ತೂಗುಕುರ್ಚಿ ನಿಂತಿತು. 

"ಒಂದ್ಸಲ ಇದೇ ಬೀದೀಲಿ ಎರಡು ದಿನ ಹಾಡು, ಕುಣಿತ," ಎಂದರು ಅಜ್ಜ. "ಆಡಿನ ಸಾರು ಮಾಡೋಕೆ ನನ್ನ ಕರೆದಿದ್ರು. ಹೆರ್ಮಿಲೋಗೆ ಆ ಹಾಡಿನ ಕೊನೇ ಸಾಲು ಸಿಗ್ತಿರ್ಲಿಲ್ಲ. ಹೀಗೆ ಹಾಡು, ಹಾಗೆ ಹಾಡು ಅಂತ ಎಲ್ರೂ ಬುದ್ಧಿ ಹೇಳೋರೇ. ತಲೆ ಕೆಟ್ಟು ನನ್ನ ಒಲೆ ಹತ್ರ ಬಂದು ಕೂತ. ಒಳಗೊಳಗೇ ಗುನುಗ್ತಿದ್ದ. ನಾನೇನೂ ಮಾತಾಡ್ಲಿಲ್ಲ. ಸೌಟಿನ ಸದ್ದಾಗ್ಬಾರ್ದು ಅಂತ ಮೆಲ್ಲಗೆ ತಿರುವ್ತಿದ್ದೆ. ಮರಗೆಣಸು ಬೇಯೋಷ್ಟರಲ್ಲಿ ಹಾಡು ಮುಗೀತು."

"ಅಷ್ಟೇನಾ?"

"ಅಷ್ಟೇ."

ಅಜ್ಜ ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು. ಹಸುಗಳ ಮಾತಾಡುವಾಗಿನ ನಗು ಈಗಿರಲಿಲ್ಲ. ಆದರೆ ಮುಖ ಆಗಿನದಕ್ಕಿಂತ ಚೆನ್ನಾಗಿ ಕಾಣುತ್ತಿತ್ತು.

"ಇದನ್ನ ಬರೀಲಾ ಅಜ್ಜ?"

"ಕಟಿಂಗ್ ಶಾಪಿನ ಜಾಗ ಹೋಗುತ್ತಲ್ಲೇ..." ಅವರು ಗಡ್ಡ ಕೆರೆದುಕೊಂಡರು. "ಹೋಗ್ಲಿ, ಬರಿ. ಸಾರು ರುಚಿಯಾಗಿತ್ತು ಅಂತಾನೂ ಬರಿ. ಅದು ಸುಳ್ಳಲ್ಲ."

ಮನೆಗೆ ಬಂದು ಯುರಾನಿಸ್ ಹಳೆಯ ಟಿಪ್ಪಣಿ ಅಳಿಸಿದಳು. ಲೈಕುಗಳೂ ಅದರ ಜೊತೆಗೇ ಹೋದವು. ಪಟ್ಟಿಯ ಮೇಲ್ತುದಿಗೆ ಇನ್ಯಾರದೋ ಹೆಸರು ಬಂತು. ಅವಳು ಒಂದು ಗಳಿಗೆ ಅದನ್ನೇ ನೋಡಿದಳು. ಆಮೇಲೆ ಒಲೆ, ಸೌಟು, ಮರಗೆಣಸು ಎಲ್ಲವನ್ನೂ ಬರೆದಳು. ಸಾರಿನ ರುಚಿಯನ್ನೂ.

ಐದು ನಿಮಿಷಕ್ಕೆ ನೆಲ್ಸಿಯ ಫೋನ್.

"ಹುಚ್ಚಿ, ಇನ್ನೂರು ಲೈಕು ಕಣೇ!"

"ಗೊತ್ತು."

"ಹಸುಗಳೆಲ್ಲ ಎಲ್ಲಿ ಹೋದ್ವು?"

"ಮೇಯೋಕೆ."

ನೆಲ್ಸಿ ಕಿಸಕ್ಕನೆ ನಕ್ಕಳು. "ನಿಜವಾಗ್ಲೂ ಸುಮ್ನಿದ್ದಿದ್ದಕ್ಕೆ ಹೆಸರು ಕೂಗಿದ್ನಾ? ಇರು, ಹಾಡು ಹಾಕ್ತೀನಿ."

ಹಾಡು ಶುರುವಾಯಿತು. ಸೇತುವೆಯ ಸಾಲು ಬಂತು, ಹೋಯಿತು. "ಎಮಿರೋ ದಾಸಾ, ಇದು ನಿಂಗೆ ಕಣೋ!" ಎಂದು ಹೆರ್ಮಿಲೋ ಕೂಗಿದ. ಅದರ ಹಿಂದೆಯೇ ಅಕಾರ್ಡಿಯನ್ ವಾದ್ಯ ಬರುತ್ತದೆಂದೇ ಯುರಾನಿಸ್ ಇಷ್ಟು ದಿನ ತಿಳಿದಿದ್ದಳು. ಹಾಗಿರಲಿಲ್ಲ. ನಡುವೆ ಒಂದು ಉಸಿರಿನಷ್ಟು ಹೊತ್ತು ಯಾರೂ ಏನೂ ನುಡಿಸಲಿಲ್ಲ.

"ಕೇಳಿಸ್ತಾ?" ಎಂದಳು ಯುರಾನಿಸ್.

"ಮತ್ತೆ ಹಾಕ್ತೀನಿ. ಈ ಸಲ ಮಾತಾಡ್ಬೇಡ," ಎಂದಳು ನೆಲ್ಸಿ.