ಸುದ್ದಿಯಿಲ್ಲದ ದ್ವೀಪ

ಸೋಮವಾರ ಇನ್‌ಸ್ಪೆಕ್ಷನ್. ಅಷ್ಟರೊಳಗೆ ಗೋಡೆ ನಕ್ಷೆಯಲ್ಲಿರುವ ಆ ಸುಳ್ಳು ದ್ವೀಪ ಅಳಿಸಿಹೋಗಬೇಕು ಅಂತ ಹೆಡ್ ಮೇಡಂ ಖಡಾಖಂಡಿತವಾಗಿ ಹೇಳಿಬಿಟ್ಟರು. "ನಿಮ್ಮ ಪೇಂಟರ್‌ಗೆ ಹೇಳಿ" ಅಂದರು. ನಿಮ್ಮ ಪೇಂಟರ್ ಅಂತೆ! ಯಾವಾಗಿಂದ ನನ್ನವರಾದರು ಅಂತ ಕೇಳಲು ಹೋಗಿ ನುಂಗಿಕೊಂಡೆ. ಹದಿನಾಲ್ಕು ವರ್ಷ ಪಾಠ ಮಾಡಿದ ಸುಸ್ತು, ಜಗಳಕ್ಕೂ ತ್ರಾಣವಿರಲಿಲ್ಲ.

ನಾನು ಭೂಗೋಳ ಹೇಳಿಕೊಡುವುದು ಪೇಪರ್ ಹಿಡಿದು. ಬೆಳಿಗ್ಗೆ ಎದ್ದು, ಪ್ರಪಂಚದಲ್ಲಿ ಎಲ್ಲಿ ಏನಾಯಿತು ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿಕೊಂಡು ಬರುತ್ತೇನೆ. ಕಾಲುವೆಯಲ್ಲಿ ಹಡಗು ಸಿಕ್ಕಿಹಾಕಿಕೊಂಡರೆ ಅವತ್ತು ಜಲಮಾರ್ಗದ ಪಾಠ. ಬೆಟ್ಟ ಬೆಂಕಿ ಉಗುಳಿದರೆ ಜ್ವಾಲಾಮುಖಿ. ಎರಡು ದೇಶ ಕಿತ್ತಾಡಿದರೆ ಗಡಿ, ನದಿ, ಎಣ್ಣೆ ಬಾವಿ. ಮಕ್ಕಳಿಗೆ ಇಷ್ಟ, ಮಾರ್ಕ್ಸೂ ಚೆನ್ನಾಗಿ ಬರುತ್ತೆ. ಆದರೆ ನನಗೆ "ಭೂಕಂಪ ಮಿಸ್" ಅಂತ ಹೆಸರಿಟ್ಟಿದ್ದಾರೆ. ತಪ್ಪೇನಿಲ್ಲ ಬಿಡಿ. ಏನಾದರೂ ಕೆಟ್ಟದ್ದಾಗುವವರೆಗೆ ಯಾವ ದೇಶವೂ ನನ್ನ ಕ್ಲಾಸಿಗೆ ಬರುವುದಿಲ್ಲ.

ಸಂಜೆ ಚಪ್ಪಲಿ ಬಿಚ್ಚಿ ಕೂತರೆ ಮತ್ತೆ ಏಳಲು ಮನಸ್ಸಾಗುವುದಿಲ್ಲ. "ನಿನಗ್ಯಾಕೇ ಬೇಕು ಲೋಕದ ಉಸಾಬರಿ?" ಅಂತ ಅಕ್ಕ ಬಯ್ಯುತ್ತಾಳೆ.

ದ್ವೀಪದ ಕಥೆ ಎರಡು ವರ್ಷದ ಹಿಂದಿನದು. ಪೇಂಟರ್ ಏಣಿ ಹತ್ತಿ ನನ್ನ ಕ್ಲಾಸಿನ ಗೋಡೆಗೆ ಪ್ರಪಂಚದ ನಕ್ಷೆ ಬರೆಯುತ್ತಿದ್ದರು. ನಾನು ಕೆಳಗೆ ನಿಂತು, "ಆ ಖಂಡ ಯಾಕ್ರೀ ಅಷ್ಟು ದಪ್ಪ? ಸೊಂಟ ಸ್ವಲ್ಪ ಸಣ್ಣ ಮಾಡಿ" ಅಂದೆ. ತಿರುಗಿ ನೋಡಿದರು. ನೋಡಿದವರು ನೋಡುತ್ತಲೇ ಇದ್ದರು. ಕೈಯಲ್ಲಿದ್ದ ಹಸಿರು ಬ್ರಶ್ ಗೋಡೆಗೆ ತಗುಲಿತು. ನಡುಸಾಗರದಲ್ಲಿ ಹೆಬ್ಬೆರಳ ಉಗುರಿನಷ್ಟು ದ್ವೀಪ ಎದ್ದಿತು.

"ಅಯ್ಯೋ! ಒಣಗಲಿ ಮೇಡಂ, ಅಳಿಸಿಕೊಡ್ತೀನಿ."

ಅಳಿಸಲಿಲ್ಲ. ತಿಂಗಳಿಗೊಮ್ಮೆ ತಪ್ಪದೆ ಬಂದು ಗೋಡೆ ತಟ್ಟಿ ನೋಡುತ್ತಿದ್ದರು. ಒಮ್ಮೆ ಗೋಡೆ ತೇವ. ಇನ್ನೊಮ್ಮೆ ಬ್ರಶ್ ಸರಿಯಿಲ್ಲ. ಬಹಳ ಸಲ, "ಆ ನೀಲಿ ಮುಗಿದುಹೋಯ್ತು ಮೇಡಂ, ಬೇರೆ ಯಾವುದೂ ಮ್ಯಾಚ್ ಆಗ್ತಿಲ್ಲ."

"ಇಷ್ಟು ಸೋಮಾರಿ ಪೇಂಟರ್‌ನ ನಾನೆಲ್ಲೂ ಕಂಡಿಲ್ಲ" ಅಂತ ಮುಖಕ್ಕೇ ಹೇಳಿದ್ದೆ. ನಕ್ಕರು. ಬಂದಾಗಲೆಲ್ಲ ಕಿಟಕಿಯ ಹೊರಗೆ ನಿಂತು ಪಾಠ ಮುಗಿಯುವ ತನಕ ಕೇಳಿಕೊಂಡು ಹೋಗುತ್ತಿದ್ದರು. ಅವರು ಬರುವ ದಿನ ನಾನೂ ಒಳ್ಳೇ ಸೀರೆ ಉಡುತ್ತಿದ್ದೆ. ಸುಳ್ಳೇಕೆ ಹೇಳಲಿ.

ಮಕ್ಕಳಂತೂ ಆ ದ್ವೀಪವನ್ನು ಒಪ್ಪಿಕೊಂಡೇ ಬಿಟ್ಟರು. ಪಾಠ ಮುಗಿದ ಮೇಲೆ ದಿನಾ ಅದೇ ಪ್ರಶ್ನೆ. "ಮಿಸ್, ಇವತ್ತು ಅಲ್ಲಿ ಏನಾಯ್ತು?"

"ಅಲ್ಲಿ ಏನೂ ಆಗಿಲ್ಲ. ಎಲ್ಲರೂ ಊಟ ಮಾಡಿ ಮಲಗಿದ್ದಾರೆ."

ಕ್ಲಾಸೆಲ್ಲ ಗೊಳ್ಳನೆ ನಗುತ್ತಿತ್ತು. ಇಡೀ ದಿನದಲ್ಲಿ ನನಗೆ ಸಮಾಧಾನ ಕೊಡುತ್ತಿದ್ದದ್ದು ಅದೊಂದೇ ಮಾತು.

ಶನಿವಾರ ಮಧ್ಯಾಹ್ನ ಫೋನ್ ಮಾಡಿದೆ, ಮೂರು ಗಂಟೆಗೆ ಬಂದರು. ಮಕ್ಕಳಿಲ್ಲದ ಕ್ಲಾಸಿನಲ್ಲಿ ಇಬ್ಬರೇ. ಅವರೂ ದಣಿದಿದ್ದರು. ಮೊಣಕಾಲು ಹಿಡಿದುಕೊಂಡು ಏಣಿಯ ಒಂದೊಂದೇ ಮೆಟ್ಟಿಲು ಹತ್ತಿದರು. ಚೀಲದಿಂದ ಒಂದು ಹಳೇ ಡಬ್ಬ ತೆಗೆದು ಮುಚ್ಚಳ ಎಬ್ಬಿಸಿದರು. ಮೇಲೆ ನೀರು ನಿಂತಿತ್ತು. ಅದನ್ನು ಪಕ್ಕದ ಕಿಟಕಿಯಾಚೆ ಚೆಲ್ಲಿದರು. ಕೆಳಗೆ ನೀಲಿ ಬಣ್ಣ, ಇವತ್ತು ತಂದ ಹಾಗೆ.

ಬ್ರಶ್ ಎರಡು ಸಲ ಆಡಿತು. ದ್ವೀಪ ಹೋಯಿತು. ಹತ್ತಿರ ಹೋಗಿ ಹುಡುಕಿದೆ, ಎಲ್ಲಿತ್ತು ಅಂತಲೇ ತಿಳಿಯಲಿಲ್ಲ.

"ಇದು ಅದೇ ನೀಲಿ ಅಲ್ವಾ?"

"ಹ್ಞೂಂ."

"ಮುಗಿದುಹೋಯ್ತು ಅಂದಿದ್ರಿ."

"ಸುಳ್ಳು ಹೇಳಿದ್ದೆ." ಏಣಿಯ ಮೇಲೇ ಕೂತರು. "ಇದು ಎಣ್ಣೆ ಬಣ್ಣ, ಮೇಲೆ ನೀರು ನಿಲ್ಲಿಸಿಟ್ರೆ ಒಣಗಲ್ಲ. ಎರಡು ವರ್ಷದಿಂದ ನೀರು ಬದಲಾಯಿಸ್ತಾ ಬಂದೆ."

"ಯಾಕೆ?"

ಗೊತ್ತಿದ್ದೂ ಕೇಳಿದೆ. ಅವರ ಬಾಯಿಂದಲೇ ಬರಲಿ ಅಂತ.

"ತಮ್ಮ ಬೇರೆ ಊರಲ್ಲಿ ಬೋರ್ಡ್ ಬರೆಯೋ ಅಂಗಡಿ ಇಟ್ಟಿದ್ದಾನೆ. ಬಾ ಬಾ ಅಂತ ಪ್ರಾಣ ತಿಂತಾನೆ. ಇಲ್ಲಿ ಒಂದು ಕೆಲಸ ಬಾಕಿ ಇದೆ ಕಣೋ ಅಂತ ಹೇಳ್ಕೊಂಡೇ ಬಂದೆ." ಗೋಡೆ ಕಡೆ ನೋಡಿದರು. "ಈಗ ಮುಗೀತಲ್ಲ. ನಾಳೆ ಹೊರಡ್ತೀನಿ ಮೇಡಂ."

ಪ್ರಪಂಚದ ಅನಾಹುತಗಳನ್ನೆಲ್ಲ ಲೀಲಾಜಾಲವಾಗಿ ಹೇಳುವವಳಿಗೆ ಈ ಒಂದು ಸುದ್ದಿ ತಡೆಯಲಾಗಲಿಲ್ಲ. ಇವರು ಹೋದರೆ ಇನ್ನು ಆ ಕಿಟಕಿಯ ಹತ್ತಿರ ಯಾರೂ ನಿಲ್ಲುವುದಿಲ್ಲ. ಅಳು ಬರಬೇಕಾದ ಕಡೆ ನನಗೆ ಸಿಟ್ಟು ಬಂತು.

"ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಬೇಡಿ! ನಿಮ್ಮನ್ನ ಸೋಮಾರಿ ಅಂತ ಬೈದಿದ್ದು ನನ್ನ ತಪ್ಪು. ನೀವು ಸೋಮಾರಿ ಅಲ್ಲ, ಪುಕ್ಕಲು."

"ಹೌದು" ಅಂದರು, ತಲೆ ತಗ್ಗಿಸಿ.

"ನಾನೂ ಅಷ್ಟೇ. ಹೋದ ವರ್ಷವೇ ಹೆಡ್ ಮೇಡಂ ಇದನ್ನ ಅಳಿಸಿ ಅಂದಿದ್ರು. ಪೇಂಟರ್ ಫೋನ್ ಎತ್ತುತ್ತಿಲ್ಲ ಅಂತ ನಾನು ಸುಳ್ಳು ಹೇಳಿದ್ದೆ. ಅದು ಹೋದ್ರೆ ನೀವು ಬರೋದು ನಿಂತುಹೋಗುತ್ತಲ್ಲ ಅಂತ."

ಅವರು ತಲೆಯೆತ್ತಿದರು. ಏಣಿಯ ಮೇಲಿಂದ ಎರಡು ವರ್ಷದ ಹಿಂದೆ ನೋಡಿದ್ದರಲ್ಲ, ಅದೇ ನೋಟ. ಈ ಸಲ ನಾನೂ ಕಣ್ಣು ತಪ್ಪಿಸಲಿಲ್ಲ. ನಿಧಾನಕ್ಕೆ ಇಳಿದು ಬಂದು ಎದುರಿಗೆ ನಿಂತರು. ಕಿವಿಯ ಹತ್ತಿರ ಒಂದು ಚೂರು ನೀಲಿ ಹತ್ತಿತ್ತು.

"ಈಗ ತಮ್ಮನಿಗೆ ಏನಂತ ಹೇಳ್ಲಿ? ಇಲ್ಲಿ ಯಾವ ಕೆಲಸಾನೂ ಉಳಿದಿಲ್ಲ."

"ಕೆಲಸ ಇಲ್ಲ ಅನ್ನಿ" ಅಂದೆ. "ನಾನಿದ್ದೀನಿ ಅನ್ನಿ."

ಆಮೇಲೆ ಇಬ್ಬರೂ ಮುಂದಿನ ಬೆಂಚಿನಲ್ಲಿ ಮೊಣಕಾಲು ಮಡಚಿಕೊಂಡು ಕೂತೆವು. ಮಕ್ಕಳ ಬೆಂಚು, ಕಾಲು ಹಿಡಿಸಲಿಲ್ಲ. ಅವರ ಭುಜಕ್ಕೆ ತಲೆ ಆನಿಸಿದೆ. ಅವರು ಅಲುಗಾಡಲಿಲ್ಲ.

ಸೋಮವಾರ ಇನ್‌ಸ್ಪೆಕ್ಟರ್, ಹೆಡ್ ಮೇಡಂ ಇಬ್ಬರೂ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಅವತ್ತು ಪ್ರವಾಹದ ಪಾಠ. ಪಾಠ ಮುಗಿಯಿತು, ಮಕ್ಕಳ ಕಣ್ಣು ನಕ್ಷೆಯ ಖಾಲಿ ಸಮುದ್ರದ ಮೇಲೆ.

"ಮಿಸ್, ಅಲ್ಲಿದ್ದವರೆಲ್ಲ ಏನಾದ್ರು?"

"ಯಾರಿಗೂ ಏನೂ ಆಗಿಲ್ಲ ಕಣ್ರೋ. ಎಲ್ಲರೂ ಇಲ್ಲಿಗೇ ಬಂದಿದ್ದಾರೆ" ಅಂತ ಹೇಳುತ್ತಾ ಕಿಟಕಿ ಕಡೆ ನೋಡಿದೆ. ಹೊರಗೆ ಅವರು ನಿಂತಿದ್ದರು. ಕೈಯಲ್ಲಿ ಬ್ರಶ್ಶೂ ಇರಲಿಲ್ಲ, ಡಬ್ಬವೂ ಇರಲಿಲ್ಲ.

ಇನ್‌ಸ್ಪೆಕ್ಟರ್ ಕತ್ತು ಹೊರಳಿಸಿದರು. "ಯಾರಮ್ಮಾ ಅವರು?"

ಹೆಡ್ ಮೇಡಂ ಬಾಯಿ ತೆರೆಯುವ ಮೊದಲೇ ನಾನಂದೆ, "ನನ್ನ ಪೇಂಟರ್, ಸರ್."