ಖಾಲಿ ಲಾರಿಯ ಪಾಲು

"ಒಡೆದು ಹಾಕಿದ್ದು ಯಾರು? ಎದುರಿಗೆ ಬರಲಿ!"

ಅವಳ ಕೂಗು ಬೀದಿಯ ಆ ತುದಿಯವರೆಗೂ ಕೇಳಿಸಿತು. ಕನ್ನಡಿ ಕಾರ್ಖಾನೆಯ ಬಾಗಿಲಲ್ಲೇ ಆಳೆತ್ತರದ ಗಾಜಿನ ಹಾಳೆಯೊಂದು ಚೂರುಚೂರಾಗಿ ಬಿದ್ದಿತ್ತು. ಲಾರಿ ಡ್ರೈವರ್ ಚಕ್ರದಲ್ಲಿ ಗಾಳಿ ಇದೆಯೋ ಇಲ್ಲವೋ ಎಂದು ನೋಡುವವನಂತೆ ಬಗ್ಗಿ ಕೂತುಬಿಟ್ಟಿದ್ದ. ಜಾಣ!

ಲಾರಿಯ ಆ ಬದಿಯಿಂದ ಇನ್ನೊಬ್ಬ ಬಂದ. ಕಿವಿಯ ಮೇಲೆ ಪೆನ್ಸಿಲ್, ಮುಖದಲ್ಲಿ ಅಪರಾಧಿಯ ಕಳೆ.

"ಕೈ ಜಾರಿಸಿದ್ದು ನಾನಲ್ಲ. ಆದ್ರೆ ಒಡೆಯೋ ಹಾಗೆ ಲೋಡ್ ಜೋಡಿಸಿದ್ದು ನಾನೇ" ಎಂದ.

"ಅಂದ್ರೆ?"

"ಸಾಗಣೆ ಆಫೀಸಿಂದ ಬಂದಿದೀನಿ. ನಿಮ್ಮ ಗಾಜು ಪದೇ ಪದೇ ಯಾಕೆ ಒಡೀತಿದೆ ಅಂತ ನೋಡೋಕೆ ಬಂದೆ, ಕಣ್ಣೆದುರೇ ಒಡೀತು. ನಿಮ್ಮದು ಮಧ್ಯದ ನಿಲ್ದಾಣ ಮೇಡಂ. ಮುಂದಿನ ಅಂಗಡಿಯವರೆಲ್ಲ ಫೋನ್ ಮೇಲೆ ಫೋನ್ ಮಾಡ್ತಿದ್ದಾರೆ. ಅವಸರದಲ್ಲಿ ಇಳಿಸಿದ್ರೆ ಹೀಗೇ ಆಗೋದು."

ಹೇಳುತ್ತಲೇ ಕೂತು ಬರಿಗೈಯಲ್ಲಿ ಚೂರುಗಳನ್ನು ಆರಿಸತೊಡಗಿದ. ಅವಳು ಒಳಗೆ ಓಡಿ ಚರ್ಮದ ಕೈಗವಸು ತಂದು ಅವನ ಮುಂದೆ ಎಸೆದಳು.

"ಹಾಕ್ಕೊಳ್ಳಿ! ಕೈ ಕುಯ್ಕೊಂಡು ಅದನ್ನೂ ನಮ್ಮ ತಲೆಗೆ ಕಟ್ಬೇಡಿ!"

ಅವನು ನಕ್ಕುಬಿಟ್ಟ. ಬೈಸಿಕೊಂಡವನು ನಗುತ್ತಾನೆಂದರೆ... ಅವಳಿಗೆ ಆ ಕ್ಷಣವೇ ಅನುಮಾನ ಬಂತು. ಅನುಮಾನಪಡುವುದು ಅವಳಿಗೆ ಉಸಿರಾಡಿದಷ್ಟು ಸಲೀಸು, ಅದಕ್ಕೆ ಕಾರಣವೂ ಇತ್ತು. ಹಿಂದೆ ಗಾಜಿನ ವ್ಯಾಪಾರಿಯೊಬ್ಬ "ಅಮ್ಮಾ, ತಾಯೀ" ಎನ್ನುತ್ತಲೇ ಚಿಕ್ಕಮ್ಮನಿಗೆ ಕಳಪೆ ಮಾಲು ಕೊಟ್ಟು ಅವಳ ಈ ಕಾರ್ಖಾನೆಯನ್ನೇ ಮುಳುಗಿಸಲು ನೋಡಿದ್ದ. ಅಪ್ಪ ಅಮ್ಮ ಇಲ್ಲದ ತನ್ನನ್ನು ಸಾಕಿದ ಚಿಕ್ಕಮ್ಮ ಅಂದು ಅತ್ತದ್ದನ್ನು ಅವಳು ಮರೆತಿರಲಿಲ್ಲ. ಬಾಯಿ ಬೆಲ್ಲ, ಕರುಳು ಕತ್ತರಿ. ಸಿಹಿ ಮಾತಿನವರನ್ನು ಅಂದಿನಿಂದ ಅವಳು ಬಾಗಿಲಾಚೆಯೇ ನಿಲ್ಲಿಸುತ್ತಿದ್ದಳು.

ಆದರೆ ಇವನು ಸಿಹಿ ಮಾತೇ ಆಡಲಿಲ್ಲ. "ಮುಂದಿನ ಸಲದಿಂದ ಹೀಗಾಗಲ್ಲ" ಎಂದಷ್ಟೇ ಹೇಳಿ ಹೋದ.

ಹಾಗೆಯೇ ನಡೆದುಕೊಂಡ!

ಡ್ರೈವರ್ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದ. ಮೇಷ್ಟ್ರ ಕೆಲಸ ಇಷ್ಟೇ. ಒಂದೇ ಲಾರಿಯಲ್ಲಿ ಹಲವು ಅಂಗಡಿಗಳ ಆರ್ಡರ್ ಹೋಗುತ್ತವೆ. ಯಾರ ಮಾಲು ಯಾವ ಲಾರಿಗೆ, ಮೊದಲು ಎಲ್ಲಿ ಇಳಿಸಬೇಕು, ಕೊನೆಗೆ ಎಲ್ಲಿ ಎಂದು ಕಂಪ್ಯೂಟರಿನಲ್ಲಿ ಜೋಡಿಸುವುದು. ಲಾರಿಯ ಬಾಡಿಗೆಯನ್ನು ಆರ್ಡರ್‌ಗಳಿಗೆ ಪಾಲು ಹಾಕುವುದು ಮಾತ್ರ ಸಾಫ್ಟ್‌ವೇರ್ ತಾನೇ ಮಾಡಿಕೊಳ್ಳುತ್ತಿತ್ತು.

ಗಾಜು ಈಗ ಕೊನೆಯ ನಿಲ್ದಾಣಕ್ಕೆ ಬಂತು. ಹಿಂದೆ ಕಾಯುವವರಿಲ್ಲ, ಅವಸರವಿಲ್ಲ, ಒಂದು ಚೂರೂ ಒಡೆಯುವುದಿಲ್ಲ. ಲಾರಿಯ ಜೊತೆ ಪ್ರತಿ ಸಲ ಮೇಷ್ಟ್ರೂ ಬರತೊಡಗಿದ. ಒಂದೊಂದೇ ಹಾಳೆಯನ್ನು ಬೆಳಕಿಗೆ ಹಿಡಿದು ನೋಡುವುದು, ಬಟ್ಟೆಯಿಂದ ಒರೆಸುವುದು, ಒಂದು ಲೋಟ ನೀರು ಕೇಳುವುದು, ಅದನ್ನು ಕಷಾಯದಂತೆ ಗುಟುಕು ಗುಟುಕಾಗಿ ಕುಡಿಯುವುದು...

"ಗಾಜು ನೋಡೋಕೆ ಬರ್ತಾನೋ, ಗಾಜಿನೊಳಗೆ ಕಾಣೋರ್ನ ನೋಡೋಕೆ ಬರ್ತಾನೋ?" ಚಿಕ್ಕಮ್ಮ ಕೇಳಿದಳು.

"ಚಿಕ್ಕಮ್ಮಾ! ಸುಮ್ನಿರಿ!"

"ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೇ? ಅದೂ ಕನ್ನಡಿ ಮಾಡೋರ ಮನೇಲಿ!"

ಅವಳು ಮುಖ ತಿರುಗಿಸಿಕೊಂಡಳು. ಆದರೆ ಲಾರಿ ಬರುವ ದಿನ ತಲೆ ಎರಡು ಸಲ ಬಾಚಿಕೊಳ್ಳುವುದನ್ನು ಯಾರಿಂದ ಮುಚ್ಚಿಡಲು ಸಾಧ್ಯ? ಸುತ್ತಲೂ ಕನ್ನಡಿಗಳೇ!

ಅಷ್ಟರಲ್ಲಿ ಬಂತು ಬಿಲ್.

ಅದೇ ಗಾಜು, ಅದೇ ತೂಕ, ಅದೇ ರಸ್ತೆ. ಆದರೆ ಲಾರಿ ಬಾಡಿಗೆಯಲ್ಲಿ ಅವರ ಪಾಲು ಮಾತ್ರ ಸರ್ರನೆ ಮೇಲೇರಿತ್ತು! ಹಿಂದಿನ ಬಿಲ್‌ಗಳನ್ನು ತೆಗೆದು ನೋಡಿದಳು. ಮೇಷ್ಟ್ರು ಬರಲು ಶುರುಮಾಡಿದ ಸಲದಿಂದಲೇ ಏರಿದೆ. ಚಿಕ್ಕಮ್ಮ ಲೆಕ್ಕದ ಕಡೆ ತಲೆ ಹಾಕುವವಳಲ್ಲ, ಎಲ್ಲ ಇವಳ ಮೇಲೆಯೇ ಬಿಟ್ಟಿದ್ದಳು. ಇವಳೋ ತಲೆ ಬಾಚಿಕೊಳ್ಳುತ್ತಾ ಕೂತಿದ್ದಳು...

'ಛೆ! ಅಷ್ಟು ನೀರು ಕುಡಿದದ್ದು ಇದಕ್ಕಾ?'

 ಮುಂದಿನ ಲಾರಿ ಬಂದಾಗ ನೇರವಾಗಿ ಕೇಳಿಬಿಟ್ಟಳು.

"ನಮ್ಮನ್ನ ಕೊನೆಗೆ ಯಾಕೆ ಹಾಕಿದ್ದು?"

"ಗಾಜು ಅಲ್ವಾ... ಅವಸರ ಆಗ್ಬಾರದು ಅಂತ."

"ನಮ್ಮ ಪಾಲು ಯಾಕೆ ಏರ್ತಿದೆ?"

ಅವನ ಹುಬ್ಬು ಗಂಟಾಯಿತು. "ಏರ್ತಿದೆಯಾ? ನನ್ನ ಪರದೆಯಲ್ಲಿ ಪಾಲು ಕಾಣ್ಸಲ್ಲ ಮೇಡಂ, ನಿಲ್ದಾಣ ಮಾತ್ರ. ನೋಡಿ ಹೇಳ್ತೀನಿ."

"ಸರಿ. ಲೋಡ್ ಜೋಡಿಸೋರು ಆಫೀಸಲ್ಲಿ ಕೂರ್ಬೇಕು. ನೀವು ಪ್ರತಿ ಸಲ ಲಾರಿ ಹತ್ತಿ ಯಾಕೆ ಬರ್ತೀರಿ?"

ಕಿವಿಯ ಮೇಲಿನ ಪೆನ್ಸಿಲ್ ಕೆಳಗೆ ಬಿತ್ತು. ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಬಹಳ ಹೊತ್ತು ಮೇಲೇಳಲಿಲ್ಲ. ಕಿವಿ ಕೆಂಪಾಗಿತ್ತು. "ಅದು... ಸುಮ್ನೆ..."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದು ಇದಕ್ಕೇ ಎಂದುಕೊಂಡಳು ಅವಳು. ಅಯ್ಯೋ ಹುಡುಗೀ, ಗಂಡಸಿನ ಕಿವಿ ಕೆಂಪಾಗಲು ಬೇರೆ ಕಾರಣವೂ ಇರುತ್ತದೆ! ಆದರೆ ಅನುಮಾನ ಒಮ್ಮೆ ಕಣ್ಣಿಗೆ ಕೂತರೆ ಕೆಂಪೆಲ್ಲ ಕಳ್ಳತನದ್ದೇ.

ಪೂರ್ತಿ ತಿಳಿದುಕೊಳ್ಳಲು ಅವಳು ಹಾಸಿಗೆ ಅಂಗಡಿಗೆ ಹೊರಟಳು. ಅದೇ ಲಾರಿಯಲ್ಲಿ ಅವರ ಮಾಲೂ ಬರುತ್ತಿತ್ತು, ನಾಲ್ಕು ಬೀದಿ ಆಚೆಗೆ. ಅವರ ಪಾಲೂ ಏರಿದ್ದರೆ ಬಾಡಿಗೆ ಎಲ್ಲರಿಗೂ ಏರಿದೆ ಎಂದರ್ಥ. ಏರಿಲ್ಲದಿದ್ದರೆ...

ಒಳಗೆ ಕಾಲಿಡುವ ಮುನ್ನವೇ ಪರಿಚಿತ ದನಿ ಕೇಳಿಸಿತು. ಸುತ್ತಿಟ್ಟ ಹಾಸಿಗೆಗಳ ಸಾಲಿನ ಹಿಂದೆ ಮೇಷ್ಟ್ರು ಸ್ಟೂಲಿನ ಮೇಲೆ ಕೂತಿದ್ದ. ಅಂಗಡಿಯಾಕೆ ಅವನ ತಲೆಗೂದಲು ಕೆದರುತ್ತಾ ಗಟ್ಟಿಯಾಗಿ ನಗುತ್ತಿದ್ದಳು.

"ತಮ್ಮ ಅಂದ್ರೆ ಹೀಗಿರ್ಬೇಕು ಕಣೋ! ನನ್ನ ಬಾಡಿಗೆ ಪಾಲು ಅರ್ಧಕ್ಕರ್ಧ ಇಳಿದುಹೋಗಿದೆ!"

"ಇಳಿದಿದೆಯಾ? ಅಕ್ಕಾ, ಸರಿಯಾಗಿ ಹೇಳು, ಯಾವಾಗಿಂದ?"

ಅವನ ಆ ಪ್ರಶ್ನೆಯಲ್ಲಿದ್ದ ಗಾಬರಿ ಅವಳ ಕಿವಿಗೆ ಬೀಳಲೇ ಇಲ್ಲ. ಅಕ್ಕ, ತಮ್ಮ ಎಂಬೆರಡು ಮಾತಿಗೇ ಅವಳು ತಿರುಗಿ ನಡೆದಾಗಿತ್ತು.

ಅಕ್ಕನ ಭಾರ ಇಳಿಸಿ ನಮ್ಮ ಬೆನ್ನ ಮೇಲೆ ಹೇರಿದ್ದಾನೆ. ಎತ್ತಿಗೆ ಜ್ವರ, ಎಮ್ಮೆಗೆ ಬರೆ! ಕಣ್ಣು ತುಂಬಿ ಬಂತು. ದುಡ್ಡಿಗಾಗಿ ಅಲ್ಲ. ಅವನು ನಿಜವಾಗಿಯೂ ತನಗಾಗಿ ಬರುತ್ತಿದ್ದ ಎಂದು ನಂಬಿದ್ದಳಲ್ಲ, ಆ ನಂಬಿಕೆಗಾಗಿ.

ಮನೆಗೂ ಹೋಗದೆ, ಬೀದಿಯಲ್ಲೇ ನಿಂತು ಸಾಗಣೆ ಆಫೀಸಿನ ಮಾಲೀಕರಿಗೆ ಫೋನ್ ಮಾಡಿದಳು. ಒಂದು ಮಾತೂ ಉಳಿಸದೆ ಹೇಳಿದಳು. ಮಾಲೀಕರು ಕೊನೆಗೆ ಎಂದರು, "ನಿಜ ಆಗಿದ್ರೆ ಅವನನ್ನ ಇಟ್ಕೊಳ್ಳಲ್ಲಮ್ಮ."

ಗೆದ್ದಂತೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಮುಂದಿನ ಸಲ ಲಾರಿ ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಬಂತು! ಕನ್ನಡಿ ಕಾರ್ಖಾನೆ ಈಗ ಮೊದಲ ನಿಲ್ದಾಣ. ಡ್ರೈವರ್ ಮತ್ತು ಆಳುಗಳು ಹಾಳೆಗಳನ್ನು ಜೋಪಾನವಾಗಿ ಇಳಿಸಿದರು. ಒರೆಸಲು ಯಾರೂ ಇರಲಿಲ್ಲ. ನೀರು ಯಾರೂ ಕೇಳಲಿಲ್ಲ.

"ಮೇಷ್ಟ್ರು?" ಬೇಡವೆಂದರೂ ಬಾಯಿಂದ ಬಂದುಬಿಟ್ಟಿತು.

"ಅವರ ಕೆಲಸ ಇವತ್ತಿಗೆ ಮುಗೀತಂತೆ ಮೇಡಂ. ಅಕ್ಕನ ಅಂಗಡೀಲಿ ಇದಾರೆ. ಸಂಜೆ ಇದೇ ಲಾರೀಲಿ ಆಫೀಸಿಗೆ ಹೋಗಿ ಚೀಲ ತಗೊಂಡು ಹೋಗ್ತಾರಂತೆ."

ಲಾರಿ ಹೋಯಿತು. ಅವಳು ಮಧ್ಯಾಹ್ನದವರೆಗೆ ಒಂದೇ ಕನ್ನಡಿಯ ಅಂಚು ಉಜ್ಜುತ್ತಾ ಕೂತಳು. ಚಿಕ್ಕಮ್ಮ ಎರಡು ಸಲ ಊಟಕ್ಕೆ ಕರೆದು ಸುಮ್ಮನಾದಳು.

ಸಂಜೆಯಾಗುತ್ತಿದ್ದಂತೆ ಹಾಸಿಗೆ ಅಂಗಡಿಯಾಕೆ ಬಿರುಗಾಳಿಯಂತೆ ಒಳನುಗ್ಗಿದಳು.

"ನೀನೇನಾ ಕನ್ನಡಿಯವಳು? ನನ್ನ ತಮ್ಮನ ಅನ್ನಕ್ಕೆ ಕಲ್ಲು ಹಾಕಿದೋಳು?"

"ನಿಮ್ಮ ತಮ್ಮ ನಿಮ್ಮ ಪಾಲನ್ನ ನಮ್ಮ ತಲೆಗೆ ಕಟ್ಟಿದ್ದಾರೆ. ಕೇಳೋದು ತಪ್ಪಾ?"

"ಕಟ್ಟಿದ್ದು ಅವನಲ್ಲಮ್ಮ ತಾಯೀ, ಆ ಹಾಳು ಸಾಫ್ಟ್‌ವೇರು! ಕೊನೇಲಿ ಇಳಿಸ್ಕೊಳ್ಳೋರ ತಲೆಗೆ ಲಾರಿ ಖಾಲಿ ವಾಪಸ್ ಹೋಗೋ ಖರ್ಚನ್ನೂ ಸೇರಿಸ್ತಿತ್ತಂತೆ. ಮೊದಲು ಕೊನೇ ಅಂಗಡಿ ನಂದು. ಇಷ್ಟು ವರ್ಷ ಆ ಖಾಲಿ ಲಾರಿ ಹೊತ್ತಿದ್ದು ನಾನು! ಆವಾಗ ತಮ್ಮನಿಗೆ ಅಕ್ಕ ನೆನಪಾದ್ಲಾ? ಇಲ್ಲ. ನಿನ್ನ ಗಾಜು ಒಡೀತು ಅಂತ ನಿನ್ನನ್ನ ಕೊನೆಗೆ ಹಾಕ್ದ. ಖರ್ಚೂ ನಿನ್ನ ಹಿಂದೆ ಬಂತು. ಪಾಲು ಅವನ ಕಣ್ಣಿಗೇ ಬೀಳಲ್ಲ, ಅವನಿಗೇನು ಗೊತ್ತು!"

ಅವಳ ಕೈಯಲ್ಲಿದ್ದ ಬಟ್ಟೆ ಜಾರಿತು. "ಮತ್ತೆ... ಮಾಲೀಕರಿಗೆ ಇದನ್ನ ಹೇಳ್ಬಹುದಿತ್ತಲ್ಲ?"

"ನಿಯಮ ತಪ್ಪು ಅಂತ ಹುಡುಕಿ, ಖಾಲಿ ಖರ್ಚು ಎಲ್ಲ ಆರ್ಡರಿಗೂ ಹಂಚೋ ಹಾಗೆ ಸರಿಮಾಡಿಸಿ, ನಿಮಗೆ ಹೆಚ್ಚು ಹಾಕಿದ್ದನ್ನ ವಾಪಸ್ ಕೊಡ್ಸೋಕೂ ಬರೆದುಕೊಟ್ಟ. ಆಮೇಲೆ ಮಾಲೀಕರು ಕೇಳಿದ್ರು, 'ಬೇರೆ ಅಂಗಡಿ ತೆರೆಯೋ ಮುಂಚೆ ಇಳಿಸಿದ್ರೆ ಗಾಜಿಗೆ ಮೊದಲ ನಿಲ್ದಾಣವೂ ಆಗ್ತಿತ್ತಲ್ಲ, ಕೊನೆಯದೇ ಯಾಕೆ? ಪ್ರತಿ ಸಲ ಲಾರಿ ಹತ್ತಿ ಹೋಗಿದ್ದು ಯಾಕೆ?' ಅಂತ. ಅಲ್ಲಿ ಬಾಯಿ ಕಟ್ತು! 'ತಪ್ಪು ನಂದೇ' ಅಂತ ತಲೆ ತಗ್ಗಿಸಿದ್ನಂತೆ. ಒಂದು ಹೆಣ್ಣಿನ ಹೆಸರು ಆಫೀಸಲ್ಲಿ ಎಳೆದಾಡ್ಬಾರದು ಅಂತ ಅವನ ಹಟ. ದಡ್ಡ!"

ಚಿಕ್ಕಮ್ಮ ಬಾಗಿಲ ಬಳಿಯಿಂದ ಮೆಲ್ಲಗೆ ಹೇಳಿದಳು. "ಲಾರಿ ಇನ್ನೂ ಹೊರಟಿಲ್ಲ ಅನ್ಸತ್ತೆ ಕಣೇ."

ಅವಳು ಓಡಿದಳು. ಚಪ್ಪಲಿ ಮೆಟ್ಟಿದ್ದಳೋ ಇಲ್ಲವೋ ಅವಳಿಗೇ ತಿಳಿಯದು. ಮೊದಲ ಬೀದಿಯಲ್ಲಿ 'ಕ್ಷಮಿಸಿ' ಎಂದು ಹೇಳಬೇಕೆಂದುಕೊಂಡಳು. ಎರಡನೆಯ ಬೀದಿಯಲ್ಲಿ, 'ಅವರಲ್ವಾ ಬಾಯಿ ಬಿಡಬೇಕಾಗಿದ್ದದ್ದು!' ಎಂದು ಸಿಟ್ಟು ಬಂತು. ಕೊನೆಯ ತಿರುವಿನಲ್ಲಿ ಲಾರಿಯ ಎಂಜಿನ್ ಸದ್ದು ಕೇಳಿ ಎರಡೂ ಮರೆತುಹೋಯಿತು.

"ನಿಲ್ಸಿ!"

ಡ್ರೈವರ್ ಬ್ರೇಕ್ ಹಾಕಿದ. ಕಿಟಕಿಯಲ್ಲಿ ಮೇಷ್ಟ್ರ ಮುಖ. ಕಿವಿಯ ಮೇಲೆ ಪೆನ್ಸಿಲ್ ಇರಲಿಲ್ಲ.

ಅವಳು ಏದುಸಿರು ಬಿಡುತ್ತಲೇ ಫೋನ್ ತೆಗೆದು, ಸ್ಪೀಕರಿಗೆ ಹಾಕಿದಳು. "ಹಲೋ ಮಾಲೀಕರೇ, ಕನ್ನಡಿ ಕಾರ್ಖಾನೆಯಿಂದ. ನನ್ನ ದೂರು ತಪ್ಪು. ವಾಪಸ್ ತಗೊಳ್ತಿದೀನಿ."

"ಅದು ಸರಿ ಅಮ್ಮ. ಆದ್ರೆ ಅವನು ಕಾರಣ ಹೇಳಲ್ವಲ್ಲ! ಕಾರಣ ಇಲ್ಲದೆ ನಿಲ್ದಾಣ ಬದಲಾಯಿಸೋನನ್ನ ನಾನು ಹೇಗೆ ನಂಬಲಿ?"

ಅವಳು ಫೋನನ್ನು ಕಿಟಕಿಯತ್ತ ಚಾಚಿದಳು. "ಕೇಳ್ತಿದ್ದಾರೆ. ಹೇಳಿ."

"ಮೇಡಂ... ಇಲ್ಲಿ... ಬೇಡ..."

"ನನ್ನ ಹೆಸರು ತಾನೇ? ನಾನೇ ಹೇಳ್ತಿದೀನಿ, ಪರವಾಗಿಲ್ಲ. ಹೇಳಿ!"

ಡ್ರೈವರ್ ಎಂಜಿನ್ ಆಫ್ ಮಾಡಿದ. 

"ಮೊದಲಿಗೆ ಹಾಕಿದ್ರೆ..." ಅವನು ಫೋನಿನತ್ತ ಬಗ್ಗಿದ. "ಮೊದಲಿಗೆ ಹಾಕಿದ್ರೆ ಇಳಿಸಿ ತಕ್ಷಣ ಹೊರಡ್ಬೇಕಾಗಿತ್ತು ಸಾರ್. ಕೊನೆಯದಾದ್ರೆ ಮುಂದೆ ಎಲ್ಲೂ ಹೋಗೋದಿರಲ್ಲ. ಇನ್ನೊಂದು ಸ್ವಲ್ಪ ಹೊತ್ತು... ಅವರನ್ನ ನೋಡ್ತಾ ಇರ್ಬಹುದು ಅಂತ. ಅವತ್ತು ಕೈಗವಸು ಎಸೆದು ಬೈದ್ರಲ್ಲ, ಅವತ್ತಿಂದ ನನಗೆ ಇವರಂದ್ರೆ ಪ್ರಾಣ. ಅದರ ಖರ್ಚು ಅವರ ತಲೆಗೇ ಬೀಳತ್ತೆ ಅಂತ... ನನಗೆ ಗೊತ್ತಿರ್ಲಿಲ್ಲ."

 ಫೋನಿನ ಆ ಕಡೆಯಿಂದ ಒಂದು ದೊಡ್ಡ ನಿಟ್ಟುಸಿರು.

"ಸಾಫ್ಟ್‌ವೇರಲ್ಲಿ ಇದನ್ನ ತುಂಬೋಕೆ ಜಾಗ ಇಲ್ಲ ಮಾರಾಯ. ನಾಳೆ ಕೆಲಸಕ್ಕೆ ಬಾ. ಆದ್ರೆ ಇನ್ಮೇಲೆ ನೋಡ್ಬೇಕು ಅನ್ಸಿದ್ರೆ ಬಸ್ಸಲ್ಲಿ ಹೋಗು!"

ಫೋನ್ ಕಟ್ಟಾಯಿತು. ಅವಳು ನಗುತ್ತಿದ್ದಳು, ಅಳುತ್ತಿದ್ದಳು, ಎರಡೂ ಒಟ್ಟಿಗೆ. ಇಷ್ಟು ದಿನ ಹುಡುಕಿದ ಕಳ್ಳತನ ಇದಾ? ತನ್ನೊಂದಿಗೆ ಇನ್ನೊಂದು ಲೋಟ ನೀರಿನಷ್ಟು ಹೊತ್ತು ಇರಬೇಕೆಂದು ಕದ್ದ ಸಮಯ?

"ನನ್ನನ್ನೇ ಕೇಳ್ಬಹುದಿತ್ತಲ್ಲ" ಎಂದಳು.

"ನೀವು ಅನುಮಾನ ಪಡ್ತಿದ್ರಿ."

"ಪಟ್ಟೆ. ತಪ್ಪಾಯ್ತು. ಮುಂದೂ ಪಡ್ತೀನಿ, ಅದು ನನ್ನ ಬುದ್ಧಿ. ಆದ್ರೆ ನಿಮ್ಮ ಹತ್ರಾನೇ ಕೇಳ್ತೀನಿ, ಮಾಲೀಕರ ಹತ್ರ ಅಲ್ಲ."

ಹಾಗೆಂದವಳು ಹಿಂದಕ್ಕೆ ಹೋಗಿ ಲಾರಿಯ ಹಿಂದಿನ ಹಲಗೆಯ ಮೇಲಿನಿಂದ ಒಳಗೆ ಇಣುಕಿ ನೋಡಿದಳು. ಹಾಸಿಗೆಗಳೆಲ್ಲ ಇಳಿದಿದ್ದವು. ಒಂದು ಹಗ್ಗದ ಸುರುಳಿ ಬಿಟ್ಟರೆ ಒಳಗೆ ಏನೂ ಇರಲಿಲ್ಲ. ವಾಪಸ್ ಬಂದು ಅವನ ಕಡೆಯ ಬಾಗಿಲು ತೆರೆದಳು.

"ಸರಿದು ಕೂತ್ಕೊಳ್ಳಿ."

"ಎಲ್ಲಿಗೆ?"

"ಖಾಲಿ ಲಾರಿಯ ಖರ್ಚು ಇಷ್ಟು ದಿನ ಕೊಟ್ಟಿದ್ದು ನಾನು. ಆ ದಾರಿ ಹೇಗಿದೆ ಅಂತ ನಾನೂ ನೋಡ್ಬೇಡ್ವಾ? ಇವತ್ತು ಲಾರಿ ಖಾಲಿ ಹೋಗಲ್ಲ."

ಡ್ರೈವರ್ ಕೆಮ್ಮಿ ಕಿಟಕಿಯಾಚೆ ನೋಡತೊಡಗಿದ. ಅವನು ಈ ಸಲ ಚಕ್ರದ ಗಾಳಿ ನೋಡಲು ಇಳಿಯಲಿಲ್ಲ ಎನ್ನುವುದೇ ದೊಡ್ಡದು. ಅಂಗಡಿಯ ಬಾಗಿಲಿಗೆ ಅಷ್ಟರಲ್ಲಿ ಬಂದು ಸೇರಿದ್ದ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೋಗ್ರೋ, ಹೋಗ್ರಿ!" ಎಂದು ಕೈ ಬೀಸಿದಳು.

ಲಾರಿ ಹೊರಟಿತು.  ಸ್ವಲ್ಪ ದೂರ ಹೋದ ಮೇಲೆ ಅವನ ಕೈ ಮೆಲ್ಲಗೆ ಅವಳ ಕೈಯನ್ನು ಮುಟ್ಟಿತು.

"ನಿಮ್ಮನ್ನ ಎಲ್ಲಿ ಇಳಿಸ್ಬೇಕು ಮೇಡಂ?" ಎಂದ.

ಅವಳು ಅವನ ಬೆರಳುಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಕೊನೆಯ ನಿಲ್ದಾಣದಲ್ಲಿ. ನನಗೇನೂ ಅವಸರ ಇಲ್ಲ."